ತಲೆ ಎಣಿಕೆ

ಮಾರ್ಚ್ ೧೯, ೨೦೧೩, ಮಂಗಳವಾರ

ಗಲ್ಫ್ ಮಾಲ್ಟ್ ಕಂಪನಿಯನ್ನು ಹೊರದೇಶದವರು ಕೊಳ್ಳುತ್ತಾರಂತೆ. ಬೆಳಗಿನ ರೇಡಿಯೋದಲ್ಲಿ ಹವಾಮಾನಕ್ಕೂ ಕ್ರಿಕೆಟ್ಟಿಗೂ ನಡುವೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಷೇರಿಗೆ ನಾಲ್ಕು ಡಾಲರ್ ಅರವತ್ತೈದು ಸೆಂಟ್ ಕೊಡುತ್ತಾರಂತೆ. ನಿನ್ನೆ ಸಂಜೆ ಷೇರುಪೇಟೆ ಮುಚ್ಚುವಾಗ ಅದೇ ಷೇರು ಮೂರು ಡಾಲರ್ ಹತ್ತು ಸೆಂಟ್ ಇತ್ತು. ಕೇಳುತ್ತ ನಿಂತು ಟೋಸ್ಟನ್ನು ಕರಕಲು ಮಾಡಿದೆ.

ಅಡಿಲೇಡ್‌ನಿಂದ ಎರಡು ಗಂಟೆ ದೂರದ, ಕೊಲ್ಲಿ ದಂಡೆಯ ಈ ಪೋರ್ಟ್ ಕ್ಯಾರೋದಲ್ಲಿ ಈ ಷೇರು ಇಲ್ಲದ ಮನೆ ಕಡಿಮೆ. ಹದಿನೈದು ವರ್ಷದ ಹಿಂದೆ ಬಾರ್ಲಿ ಬೆಳೆಗಾರರ ಸಹಕಾರ ಸಂಘ ಕಂಪನಿಯಾಗಿ ಷೇರುಪೇಟೆಗೆ ಹೋಯಿತು. ಆಗ ಬೆಳೆದವರಿಗೆ, ಬಿಯರಿಗಾಗಿ ಬಾರ್ಲಿ ಮೊಳಕೆ ಬರಿಸುವ ಮಾಲ್ಟ್ ಮನೆಯಲ್ಲಿ ದುಡಿದವರಿಗೆ, ಊರಿನವರಿಗೆ ಒಂದೊಂದು ಡಾಲರಿಗೆ ಒಂದೊಂದು ಷೇರು ಹಂಚಿದರು. ನಾನು ಗಣಿತ ಕಲಿಸಿ ಉಳಿಸಿದ್ದನ್ನೆಲ್ಲ ಅದಕ್ಕೇ ಸುರಿದೆ. ಹದಿನಾಲ್ಕು ಸಾವಿರ ಷೇರು ಬಂತು. ನನ್ನ ತಮ್ಮ ಕ್ಲೆಮ್‌ಗೆ ಬಾರ್ಲಿ ಒಣಗಿಸುವ ಒಲೆಯ ಪಾಳಿಯವನೆಂದು ನಾಲ್ಕು ಸಾವಿರ ಸಿಕ್ಕಿತು.

ಅವನು ಪಾಳಿ ಮುಗಿಸಿ ಬಂದಾಗ ಏಳೂವರೆ.

"ಸುದ್ದಿ ಕೇಳಿದ್ಯಾ?"

"ಗೇಟ್ ಹತ್ರಾನೇ ಹೇಳಿದ್ರು. ಪರವಾಗಿಲ್ವೇ, ಒಳ್ಳೆ ಬೆಲೇನೇ ಕೊಡ್ತಿದಾರೆ."

"ಬೆಲೆ ಕೊಟ್ಟು ಆಮೇಲೆ ಬೀಗ ಹಾಕ್ತಾರೆ ಕಣೋ. ಅವ್ರಿಗೆ ಬೇಕಿರೋದು ನಮ್ಮ ಗಿರಾಕಿಗಳು. ನಿನ್ನ ಒಲೆ ತಗೊಂಡು ಏನ್ ಮಾಡ್ತಾರೆ?"

"ಹಾಕ್ಬೋದು," ಅಂದ. ಒಂದು ಬೂಟು ಬಿಚ್ಚಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತು ಇನ್ನೊಂದನ್ನು ಬಿಚ್ಚಿದ. ರಾತ್ರಿಯೆಲ್ಲ ನಿದ್ದೆಗೆಟ್ಟವನಿಗೆ ಆಯಾಸ ಸಹಜ.

ಹೆಂಡತಿ ಜಿಲ್ ತೀರಿಕೊಂಡ ವರ್ಷ ಅವನು ನನ್ನ ಮನೆಗೆ ಬಂದ. ಆ ವರ್ಷ ಅವನನ್ನು ಮನುಷ್ಯನಾಗಿ ಉಳಿಸಿದ್ದು ಆ ಒಲೆ ಮತ್ತು ನಾನು ಮಾಡಿ ಹಾಕಿದ ಊಟ. ಅರವತ್ತೊಂದರ ವಯಸ್ಸಿನಲ್ಲಿ ಅವನಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ? ಒಲೆ ಆರಿದರೆ ಅವನೂ ಆರಿಹೋಗುತ್ತಾನೆ. ನಾನು ಬದುಕಿರುವಾಗ ಹಾಗಾಗಲು ಬಿಡುವುದಿಲ್ಲ.

ಮಾರ್ಚ್ ೨೪, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಹದಿನೈದು ವರ್ಷದ ವಾರ್ಷಿಕ ವರದಿಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಪೆನ್ಸಿಲ್ ಹಿಡಿದು ಕೂತೆ. ನಿವೃತ್ತಿಯಾದ ಮೇಲೆ ಇಷ್ಟು ಖುಷಿಯಿಂದ ಕೂತದ್ದು ನೆನಪಿಲ್ಲ.

ಒಂದು ವರ್ಷದ ಲೆಕ್ಕ ನೋಡಿದರೆ ಎದೆ ಒಡೆಯುತ್ತದೆ. ಹೋದ ಮಾರ್ಚಿನಲ್ಲಿ ಮೂರು ಎಂಬತ್ತೈದು ಇದ್ದ ಷೇರು ಈ ಮಾರ್ಚಿನಲ್ಲಿ ಮೂರು ಹತ್ತಕ್ಕೆ ಇಳಿದಿದೆ. ಕೊಟ್ಟ ಲಾಭಾಂಶ ಸೇರಿಸಿದರೂ ನೂರಕ್ಕೆ ಹದಿನಾರು ನಷ್ಟ. ಇದನ್ನಷ್ಟೇ ಕಂಡವನು ಸಿಕ್ಕಿದ ಬೆಲೆಗೆ ಮಾರಿ ಓಡಿಹೋಗುತ್ತಾನೆ. ಆದರೆ ಮೊದಲ ದಿನ ಒಂದು ಡಾಲರ್ ಹಾಕಿ, ಬಂದ ಲಾಭಾಂಶವನ್ನೂ ಮತ್ತೆ ಅದರಲ್ಲೇ ಹಾಕುತ್ತ ಬಂದವನ ಡಾಲರ್ ಈಗ ಆರೂಕಾಲು ಡಾಲರ್ ಆಗಿದೆ. ಅಂದರೆ ವರ್ಷಕ್ಕೆ ನೂರಕ್ಕೆ ಹದಿಮೂರರಂತೆ ಬೆಳೆದಿದೆ. ಅದೇ ಡಾಲರನ್ನು ಇಡೀ ಪೇಟೆಯ ಮೇಲೆ ಸಮನಾಗಿ ಹರಡಿದ್ದರೆ ಹೆಚ್ಚುಕಡಿಮೆ ಅದರ ಅರ್ಧ ಸಿಗುತ್ತಿತ್ತು. ಇದೇ ನಡಿಗೆಯಲ್ಲಿ ಇನ್ನು ಹತ್ತು ವರ್ಷ ನಡೆದರೆ ಇವತ್ತಿನ ಮೂರು ಹತ್ತು ಹತ್ತೂವರೆ ಡಾಲರಾಗುತ್ತದೆ. ಅದರ ಮುಂದೆ ನಾಲ್ಕು ಅರವತ್ತೈದು ಯಾವ ಮೂಲೆಗೆ? ತಾಳಿದವನು ಬಾಳಿಯಾನು.

ಕ್ಲೆಮ್‌ಗೆ ಪಟ್ಟಿ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ.

"ಹತ್ತು ವರ್ಷಕ್ಕೆ ನಂಗೆ ಎಪ್ಪತ್ತೊಂದು," ಅಂದ.

"ನಂಗೆ ಎಪ್ಪತ್ತೇಳು. ಅದಕ್ಕೇನೀಗ?"

"ಏನಿಲ್ಲ ಬಿಡು."

ಆಮೇಲೆ ಟೀವಿಯ ಮುಂದೆ ಕೂತು, ಬ್ರೂಮ್‌ನಲ್ಲಿ ಮಳೆ ನಿಂತಿದೆಯಂತೆ, ಮೂವತ್ತಮೂರು ಡಿಗ್ರಿಯಂತೆ ಎಂದು ಅಲ್ಲಿಂದಲೇ ಕೂಗಿ ಹೇಳಿದ. ಬ್ರೂಮ್ ಇರುವುದು ದೇಶದ ಆ ತುದಿಯಲ್ಲಿ. ಅಲ್ಲಿಯ ಬಿಸಿಲು ಕಟ್ಟಿಕೊಂಡು ನಮಗೇನು!

ಏಪ್ರಿಲ್ ೧೮, ಗುರುವಾರ

ಇನ್ನೂರು ಪುಟದ ಪುಸ್ತಕ ಕಳಿಸಿದ್ದಾರೆ. ಮಾರಾಟ ಆಗಬೇಕಾದರೆ ಷೇರುದಾರರ ಸಭೆಯಲ್ಲಿ ಎರಡು ಗೆರೆ ದಾಟಬೇಕು. ಮತ ಹಾಕಿದ ಷೇರುಗಳಲ್ಲಿ ನೂರಕ್ಕೆ ಎಪ್ಪತ್ತೈದು ಒಪ್ಪಬೇಕು. ಅದು ಸಿಡ್ನಿಯ ದೊಡ್ಡ ಹೂಡಿಕೆ ನಿಧಿಗಳ ಕೈಯಲ್ಲಿದೆ, ಅವರು ಒಪ್ಪಿಯಾಗಿದೆ. ಎರಡನೆಯದು ತಲೆ ಎಣಿಕೆ. ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಪ್ಪಬೇಕು. ಹತ್ತು ಲಕ್ಷ ಷೇರಿನವನೂ ಒಂದು ತಲೆ, ಹತ್ತು ಷೇರಿನ ಅಜ್ಜಿಯೂ ಒಂದು ತಲೆ. ಇದನ್ನು ಓದಿದಾಗ ಎದ್ದು ಒಂದು ಸುತ್ತು ಕುಣಿಯಬೇಕು ಅನ್ನಿಸಿತು.

ಸಂಜೆ ಊರ ಸಭಾಭವನದಲ್ಲಿ ಕಂಪನಿಯ ಅಧ್ಯಕ್ಷ ಬ್ರೆಂಟನ್ ಕಿಟ್ಟೊ ವಿವರ ಹೇಳಲು ಬಂದಿದ್ದ. ಹತ್ತನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿ. ಭಾಗಾಕಾರ ಬಾರದಿದ್ದರೂ ಪಾಲು ಕೇಳುವುದು ಆಗಲೇ ಚೆನ್ನಾಗಿ ಬರುತ್ತಿತ್ತು. ಪರದೆಯ ಮೇಲೆ ಒಂದು ವರ್ಷದ, ಮೂರು ವರ್ಷದ ಗಳಿಕೆ ಮಾತ್ರ ತೋರಿಸಿದ. ನಾನು ಎದ್ದು ನಿಂತೆ.

"ಹದಿನೈದು ವರ್ಷದ್ದು ಎಲ್ಲಪ್ಪಾ ಬ್ರೆಂಟನ್? ಮನೇಲಿ ಬಿಟ್ಟು ಬಂದ್ಯಾ?"

ಜನ ನಕ್ಕರು. ಅವನೂ ನಕ್ಕ. "ಮಿಸ್, ಹಳೇ ಗಳಿಕೆ ಮುಂದಿನ ಗಳಿಕೆಗೆ ಜಾಮೀನಲ್ಲ. ನೀವೇ ಹೇಳ್ಕೊಟ್ಟಿದ್ದು."

"ನಾನು ಹೇಳ್ಕೊಟ್ಟಿದ್ದು ಪೂರ್ತಿ ಲೆಕ್ಕ ಬರೀಬೇಕು ಅಂತ."

ಚಪ್ಪಾಳೆ ಬಿತ್ತು. ಮುಂದಿನ ಹತ್ತು ವರ್ಷದ ನನ್ನ ಪಟ್ಟಿಯನ್ನೂ ಓದಿದೆ. ಅಷ್ಟರಲ್ಲಿ ಎಂಬತ್ತಾರು ವರ್ಷದ ಅಜ್ಜ ಪರ್ಸ್ ಟಾಂಕಿನ್ ಕೋಲೂರಿಕೊಂಡು ಎದ್ದರು. "ಯೂನಾ, ಮೊನ್ನೆ ಹೊಸ ಕನ್ನಡಕ ತಗೊಂಡೆ. ಎರಡು ವರ್ಷ ಗ್ಯಾರಂಟಿ ಅಂದ ಅಂಗಡಿಯವನು. ಅದಕ್ಕೋ ನಂಗೋ ಅಂತ ಕೇಳ್ದೆ. ನಿನ್ನ ಹತ್ತು ವರ್ಷದ ಲೆಕ್ಕಕ್ಕೆ ನನ್ನನ್ನ ಎಲ್ಲಿಂದ ತರ್ತೀಯಮ್ಮಾ?"

ಇದಕ್ಕೆ ನನಗೆ ಬಿದ್ದದ್ದಕ್ಕಿಂತ ದೊಡ್ಡ ಚಪ್ಪಾಳೆ ಬಿತ್ತು. ಮುದುಕನಿಗೆ ತಮಾಷೆಯ ಚಟ. ಆದರೆ ಭವನದಲ್ಲಿ ಕೂತಿದ್ದವರೆಲ್ಲರ ತಲೆಯೂ ಬೆಳ್ಳಗಿದ್ದುದನ್ನು ನಾನು ಕಂಡೆ. ಕಂಡು ಹೆದರಿಕೆಯಾಯಿತು.

ಮೇ ೯, ಗುರುವಾರ

ಉಪಾಯ ಹೊಳೆದಿದೆ. ಎಣಿಸುವುದು ತಲೆಯನ್ನಾದರೆ ತಲೆಗಳನ್ನು ಹುಟ್ಟಿಸಿದರಾಯಿತು. ನನ್ನ ಷೇರಿನಲ್ಲಿ ನೂರು ನೂರು ಮುರಿದು ಒಬ್ಬೊಬ್ಬರಿಗೆ ದಾನ ಕೊಟ್ಟರೆ ಒಬ್ಬೊಬ್ಬರೂ ಒಂದೊಂದು ತಲೆ. ಕಾನೂನಿನಲ್ಲಿ ಅಡ್ಡಿಯಿಲ್ಲ, ವರ್ಗಾವಣೆಯ ಕಾಗದಕ್ಕೆ ಇಬ್ಬರ ಸಹಿ ಸಾಕು.

ಹುಲ್ಲಿನ ಮೇಲೆ ಚೆಂಡುರುಳಿಸಿ ಆಡುವ ಬೌಲ್ಸ್ ಕ್ಲಬ್ಬಿಗೆ ಹೋಗಿ ಅಧ್ಯಕ್ಷೆ ಐಲ್ಸಾಗೆ ಹೇಳಿದೆ. ನಲವತ್ತು ವರ್ಷದಿಂದ ಗೆಳತಿ. ಅವಳ ಮನೆಗೇ ಈ ಷೇರು ಬಂದಿರಲಿಲ್ಲ, ಅವರದು ಮೀನಿನ ದೋಣಿಯ ಕುಟುಂಬ.

"ಪುಕ್ಕಟೆನಾ?" ಅಂದಳು.

"ಪುಕ್ಕಟೆ. ಆದ್ರೆ ಜುಲೈ ಸಭೇಲಿ 'ಬೇಡ' ಅಂತ ಮತ ಹಾಕ್ಬೇಕು."

"ಅಯ್ಯೋ, ಪುಕ್ಕಟೆ ಕೊಟ್ರೆ ಎರಡು ಸಲ ಬೇಕಾದ್ರೂ ಹಾಕ್ತೀನಿ ಕಣೇ. ಕಾಗದ ತಾ ಇಲ್ಲಿ."

ಚಹಾ ಮುಗಿಯುವುದರೊಳಗೆ ತಮ್ಮ ಹೆಸರಿನಲ್ಲಿ ಷೇರಿಲ್ಲದ ಮೂವತ್ತು ಹೆಂಗಸರು ಸಾಲುಗಟ್ಟಿ ಸಹಿ ಹಾಕಿದರು. ಸ್ಕೋನ್ ಬನ್ನಿನ ಕೆನೆ ಅಂಟಿದ ಕಾಗದ ಎರಡು ಮತ್ತೆ ಬರೆಯಬೇಕಾಯಿತು. ಮೂರು ಸಾವಿರ ಷೇರು ಹೋಯಿತು, ಮೂವತ್ತು ತಲೆ ಬಂತು. ಕ್ಲೆಮ್‌ಗೆ ಹೇಳಿದರೆ ಅವನು ಬೆನ್ನು ತಟ್ಟಲಿಲ್ಲ.

"ಅಷ್ಟೊಂದು ಯಾಕೆ ಕೊಟ್ಟೆ ಯೂನಾ? ನಿನ್ನ ಮುಪ್ಪಿನ ದುಡ್ಡು."

"ನಿನಗೋಸ್ಕರ ಕಣೋ ಪೆದ್ದ."

ಬಾಯಿ ತೆರೆದ, ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಏನು ಹೇಳಹೊರಟಿದ್ದೆ ಅಂದರೆ ಮರೆತುಹೋಯಿತು ಅಂದ.

ಮೇ ೨೮, ಮಂಗಳವಾರ

ಕಂಪನಿಯ ವಕೀಲರಿಂದ ಕಾಗದ ಬಂದಿದೆ. ನಾನು ಷೇರು ಮುರಿದು ಹಂಚಿದ್ದು ಗೊತ್ತಾಗಿದೆ. ಫಲಿತಾಂಶದ ಮೇಲೆ ಅದರ ಪರಿಣಾಮವಾದರೆ ಆ ಮೂವತ್ತು ತಲೆಗಳನ್ನು ಲೆಕ್ಕದಿಂದ ತೆಗೆದುಹಾಕುವಂತೆ ನ್ಯಾಯಾಲಯವನ್ನು ಕೇಳುತ್ತಾರಂತೆ, ಏಕೆಂದರೆ ಅವು 'ನೈಜ ಷೇರುದಾರರಲ್ಲ'ವಂತೆ. ಐಲ್ಸಾ ಎದುರಿಗೆ ನಿಂತು ಅವಳನ್ನು ನೈಜ ಅಲ್ಲ ಅನ್ನಲಿ ನೋಡೋಣ.

ಬೀದಿಯ ಕೆಲವರು ನನ್ನನ್ನು ಕಂಡರೆ ರಸ್ತೆ ದಾಟಿ ಆಚೆಗೆ ಹೋಗುತ್ತಿದ್ದಾರೆ. ನಿನ್ನೆ ಬೇಕರಿಯಲ್ಲಿ ಮಾಂಸ ತುಂಬಿದ ಪೇಸ್ಟಿ ಕಟ್ಟಿಕೊಡುತ್ತ ಅಂಗಡಿಯಾಕೆ, "ಮಿಸ್, ನಮ್ಮ ಸಾಲ ಒಂದೇ ಏಟಿಗೆ ತೀರ್ತಿತ್ತು. ನೀವು ಕಲ್ಲು ಹಾಕ್ಬೇಡಿ," ಅಂದಳು. ನಾನು ಚಕ್ರಬಡ್ಡಿಯ ವಿಷಯ ಹೇಳಲು ಹೋದೆ. ಚಿಲ್ಲರೆ ಕೊಟ್ಟು ಒಳಗೆ ಹೋದಳು.

ಕ್ಲೆಮ್ ಅಡಿಲೇಡ್‌ಗೆ ಹೋಗಿ ಬಂದ. ಯಾರೋ ತಜ್ಞರನ್ನು ಕಾಣಬೇಕಿತ್ತಂತೆ, ಕೊಳವೆಯೊಳಗೆ ಊದಿಸಿ ನೋಡಿದರಂತೆ. ಧೂಳಿನ ಕೆಮ್ಮು, ನಮ್ಮ ಜೂನ್ ಚಳಿಗಾಲಕ್ಕೆ ಎಲ್ಲರಿಗೂ ಬರುತ್ತದೆ.

ಜೂನ್ ೧೪, ಶುಕ್ರವಾರ

ಪರ್ಸ್ ಟಾಂಕಿನ್ ಹೋಗಿಬಿಟ್ಟರು. ಸಮಾಧಿಯ ಹತ್ತಿರ ಕೊಲ್ಲಿಯ ಗಾಳಿಗೆ ನಿಲ್ಲಲಾಗಲಿಲ್ಲ. ಅವರು ಒಪ್ಪುವವರ ಕಡೆಯವರು. ಸುದ್ದಿ ಕೇಳಿದಾಗ ಮೊದಲು ಹೊಳೆದದ್ದು ಅವರ ಕಡೆ ಒಂದು ತಲೆ ಕಡಿಮೆಯಾಯಿತು ಎಂದು. ಬರೆದಿಟ್ಟಿದ್ದೇನೆ, ಹೊಡೆದುಹಾಕುವುದಿಲ್ಲ.

ಜೂನ್ ೨೩, ಭಾನುವಾರ

ಮೂರು ದಿನದಿಂದ ಮಳೆ. ಒಬ್ಬರೂ ಬರಲಿಲ್ಲ. ಪಟ್ಟಿಯನ್ನು ಮತ್ತೆ ಮಾಡಿದೆ, ಉತ್ತರ ಅದೇ ಬಂತು.

ಜೂನ್ ೩೦, ಭಾನುವಾರ

ಫ್ರಿಜ್ಜಿನ ಬಾಗಿಲಿಗೆ ಕ್ಲೆಮ್ ದೇಶದ ನಕ್ಷೆ ಅಂಟಿಸಿದ್ದಾನೆ. ಹಾಲು ತೆಗೆಯಲು ಹೋದಾಗಲೆಲ್ಲ ಕಣ್ಣಿಗೆ ಬೀಳುತ್ತದೆ. ಯಾಕೆ ಅಂದರೆ ಸುಮ್ಮನೆ ಅಂದ. ತೆಗೆದುಹಾಕಿದೆ. ನಾನು ಇಷ್ಟು ದುಡಿದು ಸುಣ್ಣವಾಗುತ್ತಿರುವಾಗ ಮನೆಯಲ್ಲಿ ಒಬ್ಬರಿಗೂ ಅದರ ಗಂಭೀರತೆ ಇಲ್ಲ. ಮಾತು ಬೆಳೆಯಿತು. ಸಂಜೆ ಅವನು ಮೆಟ್ಟಿಲ ಮೇಲೆ ಒಬ್ಬನೇ ಕೂತು ಪೇಸ್ಟಿ ತಿಂದ.

ಜುಲೈ ೧೦, ಬುಧವಾರ

ಸೋತೆ.

ಭವನ ತುಂಬಿತ್ತು. ಬಾಗಿಲಲ್ಲಿ ಒಬ್ಬೊಬ್ಬರಿಗೂ ಹಳದಿ ಚೀಟಿ ಕೊಟ್ಟರು. ಬ್ರೆಂಟನ್ ಮಾತಾಡಿದ, ನಾನು ಮಾತಾಡಿದೆ, ಒಂದಿಬ್ಬರು ಕೂಗಾಡಿದರು. ನನ್ನ ಮೂವತ್ತು ಹೆಂಗಸರು ಎರಡು ಸಾಲು ಹಿಡಿದು ಕೂತಿದ್ದರು, ಎಲ್ಲರೂ ಕ್ಲಬ್ಬಿನ ಬಿಳಿ ಕೋಟು ಹಾಕಿಕೊಂಡು. ಅವರನ್ನು ನೋಡಿ ಧೈರ್ಯ ಬಂತು. ಮತ ಗುರುತಿಸಿ ಅಂದರು. ನಾನು 'ಬೇಡ'ಕ್ಕೆ ಗೀಟು ಹಾಕಿ ತಲೆ ಎತ್ತಿದರೆ ಪಕ್ಕದಲ್ಲಿ ಕ್ಲೆಮ್ ಚೀಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಮರೆಮಾಚದೆ, 'ಒಪ್ಪಿಗೆ'ಗೆ ಗೀಟು ಹಾಕುತ್ತಿದ್ದ. ಒಂದಲ್ಲ, ಕಾಣಲಿ ಎಂಬಂತೆ ಎರಡು ಸಲ ತಿದ್ದಿ ದಪ್ಪ ಮಾಡಿದ.

"ಏನೋ ಇದು?"

"ನನ್ನ ತಲೆ ಯೂನಾ," ಅಂದ. ಅಷ್ಟೇ ಅಂದ.

ಎಣಿಸುವವರೆಗೆ ಸ್ಯಾಂಡ್‌ವಿಚ್, ಲ್ಯಾಮಿಂಗ್ಟನ್ ಕೇಕು ಕೊಟ್ಟರು. ಜನ ಮದುವೆಗೆ ಬಂದವರಂತೆ ತಿಂದರು. ಆಮೇಲೆ ಬ್ರೆಂಟನ್ ಓದಿದ. ಷೇರಿನ ಲೆಕ್ಕದಲ್ಲಿ ನೂರಕ್ಕೆ ತೊಂಬತ್ತೊಂದು ಒಪ್ಪಿಗೆ. ತಲೆಯ ಲೆಕ್ಕದಲ್ಲಿ ಒಪ್ಪಿಗೆ ನಾನೂರ ಒಂಬತ್ತು, ಬೇಡ ಮುನ್ನೂರ ತೊಂಬತ್ನಾಲ್ಕು. ಒಲೆ ಆರುವುದು ಇನ್ನು ನಿಶ್ಚಯ.

ಮನೆಗೆ ನಡೆದೇ ಬಂದೆ. ಕ್ಲೆಮ್ ಕಾರು ನಿಧಾನ ಮಾಡಿಕೊಂಡು ಸ್ವಲ್ಪ ದೂರ ಪಕ್ಕದಲ್ಲೇ ಬಂದ. ನಾನು ಹತ್ತಲಿಲ್ಲ.

ಜುಲೈ ೧೨, ಶುಕ್ರವಾರ

ಐಲ್ಸಾ ಬಂದಿದ್ದಳು. ಕೈಯಲ್ಲಿ ನಿಂಬೆಯ ಕೇಕು. ತಪ್ಪು ಮಾಡಿದವರೇ ಕೇಕು ತರುವುದು ಈ ಊರಿನ ಪದ್ಧತಿ, ಹಾಗಾಗಿ ಬಾಗಿಲಲ್ಲೇ ಅರ್ಥವಾಯಿತು.

"ಎಷ್ಟು ಜನ?" ಅಂದೆ.

"ಬೈಕೋಬೇಡ ಕಣೇ. ಆರು ಜನ ನಿನ್ನ ಜೊತೆ ಹಾಕಿದ್ರು. ಮಿಕ್ಕ ಇಪ್ಪತ್ನಾಲ್ಕು ಜನ..."

"ನೀನು?"

"ತಲೆಗೆ ನಾನೂರ ಅರವತ್ತೈದು ಡಾಲರ್ ಕಣೇ! ಕ್ರಿಸ್‌ಮಸ್‌ಗೆ ಕ್ಲಬ್ಬಿನವರೆಲ್ಲ ಹಡಗಲ್ಲಿ ಹೋಗ್ಬರೋಣ ಅಂತ ಆಯ್ತು. ಅದ್ಯಾರು ಶುರು ಮಾಡಿದ್ರೋ ಗೊತ್ತಿಲ್ಲ. ನೀನೇ ಹೇಳು, ಕೊಟ್ಟ ಮೇಲೆ ಅದು ನಮ್ದಲ್ವಾ?"

ಹೌದು, ಅವರದೇ. ಈಗ ಲೆಕ್ಕ ಮಾಡಿದೆ, ಮಾಡಬಾರದಿತ್ತು. ನಾನು ಯಾರಿಗೂ ಏನೂ ಕೊಡದೆ ಮನೆಯಲ್ಲಿ ಸುಮ್ಮನೆ ಕೂತಿದ್ದರೆ ಒಪ್ಪಿಗೆ ಮುನ್ನೂರ ಎಂಬತ್ತೈದು, ಬೇಡ ಮುನ್ನೂರ ಎಂಬತ್ತೆಂಟು. ಗೆಲ್ಲುತ್ತಿದ್ದೆ. ನನ್ನ ಕಾಲಿನ ಮೇಲೆ ನಾನೇ ಕಲ್ಲು ಎತ್ತಿ ಹಾಕಿಕೊಂಡಿದ್ದೇನೆ, ಅದೂ ಸ್ವಂತ ಖರ್ಚಿನಲ್ಲಿ. ನಲವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದವಳು. ಅತ್ತುಬಿಟ್ಟೆ. ಕೇಕನ್ನು ಹಕ್ಕಿಗಳಿಗೆ ಹಾಕಿದೆ.

ಜುಲೈ ೧೪, ಭಾನುವಾರ

ನಾಲ್ಕು ದಿನ ಕ್ಲೆಮ್‌ನೊಡನೆ ಮಾತಾಡಲಿಲ್ಲ. ಇವತ್ತು ಅವನೇ ಕುರ್ಚಿ ಎಳೆದುಕೊಂಡು ಎದುರಿಗೆ ಕೂತ. ಒಂದು ವಾಕ್ಯ ಹೇಳಿ ಉಸಿರು ತೆಗೆದುಕೊಂಡು ಇನ್ನೊಂದು ಹೇಳುತ್ತಿದ್ದ. ಯಾವಾಗಿನಿಂದ ಹೀಗೆ ಮಾತಾಡುತ್ತಿದ್ದಾನೆ?

"ಎರಡು ವರ್ಷದಿಂದ ಶ್ವಾಸಕೋಶ ಕೆಡ್ತಾ ಇದೆ ಯೂನಾ. ಮಾಲ್ಟ್ ಧೂಳು. ಬೂಸ್ಟು. ಒಲೆ ಬಿಡು, ಚಳಿ ಬಿಡು, ಇನ್ನೂ ಸ್ವಲ್ಪ ವರ್ಷ ಓಡಾಡ್ತೀಯ ಅಂದ್ರು ಡಾಕ್ಟ್ರು."

"ಬಿಡಬೇಕಿತ್ತು! ಯಾರು ಬೇಡ ಅಂದ್ರು?"

"ನಾನಾಗೇ ಬಿಟ್ರೆ ಬರಿಗೈ. ಅವ್ರೇ ಮುಚ್ಚಿದ್ರೆ ಮೂವತ್ತೆಂಟು ವರ್ಷದ ದುಡಿಮೆಗೆ ಪರಿಹಾರ ಕೊಡ್ಬೇಕು. ಷೇರಿಗೂ ಬೆಲೆ ಬಂತು. ಕಾರಿನ ಹಿಂದೆ ಕಟ್ಟೋ ಕ್ಯಾರವಾನ್ ಮನೆ ಒಂದು ತಗೊಂಡು ಉತ್ತರಕ್ಕೆ ಹೋಗ್ತೀನಿ. ಬಿಸಿಲಿರೋ ಕಡೆ."

"ನನಗೆ ಹೇಳಬಾರ್ದಿತ್ತೇನೋ?"

"ಹೇಳೋಕೆ ಬಂದಾಗೆಲ್ಲ ನೀನು ನನ್ನ ಕೆಲಸ ಉಳಿಸ್ತಾ ಇದ್ದೆ."

ನಾನು ಎದ್ದು ಪಾತ್ರೆ ತೊಳೆದೆ. ತೊಳೆದಿದ್ದವನ್ನೇ ಮತ್ತೆ ತೊಳೆದೆ. ಅವನ ಮೇಲೆ ಕೋಪವಿದೆ. ನನಗೆ ಇಷ್ಟು ಕೋಪ ಯಾವತ್ತೂ ಬಂದಿರಲಿಲ್ಲ. ಹತ್ತು ವರ್ಷದ ಪಟ್ಟಿಯಲ್ಲಿ ಅವನನ್ನು ಎಲ್ಲಿ ಬರೆದಿದ್ದೆ ಎಂದು ಹುಡುಕಿದೆ. ಒಲೆಯ ಹತ್ತಿರ ನಿಂತಿರುತ್ತಾನೆ ಅಂತಲೇ ಇಟ್ಟುಕೊಂಡಿದ್ದೆ, ಎಪ್ಪತ್ತೊಂದರಲ್ಲೂ.

ಜುಲೈ ೨೫, ಗುರುವಾರ

ಇನ್ನೂ ಮುಗಿದಿಲ್ಲ. ಆಗಸ್ಟ್ ಆರಕ್ಕೆ ಅಡಿಲೇಡ್‌ನಲ್ಲಿ ನ್ಯಾಯಾಲಯ ಈ ಮಾರಾಟಕ್ಕೆ ಮುದ್ರೆ ಒತ್ತಬೇಕು. ಯಾವ ಷೇರುದಾರ ಬೇಕಾದರೂ ಎದ್ದು ತಕರಾರು ಹೇಳಬಹುದು. ಕಂಪನಿಯ ವಕೀಲರೇ ಮೇ ತಿಂಗಳಲ್ಲಿ ಬರೆದ ಕಾಗದ ನನ್ನಲ್ಲಿದೆ. ಮುರಿದು ಹುಟ್ಟಿಸಿದ ತಲೆಗಳು ನೈಜವಲ್ಲ, ತೆಗೆದುಹಾಕಬೇಕು ಅಂದವರು ಅವರೇ. ಆ ತಲೆಗಳು ಅವರ ಕಡೆಗೇ ಬಿದ್ದ ಮೇಲೆ ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ. ನಾನು ಎದ್ದು ಅದನ್ನು ಓದಿದರೆ ಸಾಕು. ಮೂವತ್ತನ್ನು ತೆಗೆದರೆ ಬೇಡ ಅನ್ನುವವರೇ ಮೂವರು ಹೆಚ್ಚು. ಮುದ್ರೆ ಬೀಳುವುದಿಲ್ಲ. ನಿವೃತ್ತ ವಕೀಲರೊಬ್ಬರನ್ನು ಫೋನಿನಲ್ಲಿ ಕೇಳಿದೆ. "ಅಮ್ಮಾ, ಗಟ್ಟಿ ಮಾತು ಇದು. ಕೊಳ್ಳೋರು ಇನ್ನೊಂದು ಸಲ ಬರ್ತಾರೆ ಅಂತ ನಂಗನ್ಸಲ್ಲ," ಅಂದರು.

ಮಾಲ್ಟ್ ಮನೆ ಉಳಿಯುತ್ತದೆ. ಷೇರು ಮೂರಕ್ಕೆ ಬೀಳುತ್ತದೆ, ಬೀಳಲಿ, ಏಳುತ್ತದೆ. ಕ್ಲೆಮ್ ಈ ಮನೆಯಲ್ಲೇ ಇರುತ್ತಾನೆ. ಧೂಳಿಲ್ಲದ ಕಡೆ, ಕಚೇರಿಯಲ್ಲಿ, ಏನಾದರೂ ಕೊಡಿ ಎಂದು ನಾನೇ ಹೋಗಿ ಕೇಳುತ್ತೇನೆ.

ಆಗಸ್ಟ್ ೫, ಸೋಮವಾರ

ಬಸ್ಸಿಗೆ ಟಿಕೆಟ್ ತೆಗೆಯಲು ಹೊರಟಿದ್ದೆ. ಕ್ಲೆಮ್ ತಡೆದ.

"ನಾಳೆ ನಾನೇ ಕರ್ಕೊಂಡು ಹೋಗ್ತೀನಿ."

"ಯಾಕೆ ಹೋಗ್ತಿದೀನಿ ಅಂತ ಗೊತ್ತಾ ನಿಂಗೆ?"

"ಊರಿಗೆಲ್ಲ ಗೊತ್ತು. ನಿನ್ನ ಮಾತು ನೀನು ಹೇಳ್ಬೇಕು, ಹೇಳು. ಈ ಮಳೇಲಿ ಬಸ್ ಹತ್ಕೊಂಡು ಹೋಗೋದು ಬೇಡ."

ಇವನಿಗೆ ಕೋಪ ಬರಬಾರದೇ? ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಗಸ್ಟ್ ೬, ಮಂಗಳವಾರ

ಎರಡು ಗಂಟೆಯ ದಾರಿ. ದಾರಿಯುದ್ದಕ್ಕೂ ಹಸಿರು ಬಾರ್ಲಿ. ಕ್ಲೆಮ್ ಎರಡು ಕಡೆ ಕಾರು ನಿಲ್ಲಿಸಿದ, ಎಂಜಿನ್ ಬಿಸಿಯಾಯಿತು ಅಂತ. ಎಂಜಿನ್‌ಗೆ ಏನೂ ಆಗಿರಲಿಲ್ಲ. ಸ್ಟೀರಿಂಗ್ ಮೇಲೆ ಹಣೆ ಇಟ್ಟು ಉಸಿರು ಎಳೆದುಕೊಂಡ. ನಾನು ಕಿಟಕಿಯಾಚೆ ನೋಡುತ್ತ ಕೂತಿದ್ದೆ.

ನ್ಯಾಯಾಲಯದ ಕೋಣೆ ನಾನೆಣಿಸಿದ್ದಕ್ಕಿಂತ ಚಿಕ್ಕದು, ನಮ್ಮ ಶಾಲೆಯ ಪ್ರಯೋಗಾಲಯದಷ್ಟು. ಬ್ರೆಂಟನ್ ದೂರದಿಂದ ತಲೆಯಾಡಿಸಿದ, ಮುಖ ಬಿಳುಚಿಕೊಂಡಿತ್ತು. ಕಪ್ಪು ನಿಲುವಂಗಿಯವರು ಒಬ್ಬರಾದ ಮೇಲೊಬ್ಬರು ಓದಿದರು. ಪಕ್ಕದಲ್ಲಿ ಕ್ಲೆಮ್ ಬಾಯಿಗೆ ಕರವಸ್ತ್ರ ಒತ್ತಿ ಹಿಡಿದು ಕೆಮ್ಮನ್ನು ನುಂಗುತ್ತಿದ್ದ. ಅವನ ಭುಜ ಅಲುಗುವುದು ಬೆಂಚಿನ ಮೂಲಕ ನನಗೆ ತಗಲುತ್ತಿತ್ತು. ನನ್ನ ಮಾತಿಗೆ ಅಡ್ಡಿಯಾಗಬಾರದು ಅಂತ ನುಂಗುತ್ತಿದ್ದ.

"ಆಕ್ಷೇಪಣೆ ಇರುವವರು ಯಾರಾದರೂ ಇದ್ದಾರೆಯೇ?" ಎಂದು ನ್ಯಾಯಾಧೀಶೆ ಕೇಳಿದರು. ಕಾಗದ ತೊಡೆಯ ಮೇಲೇ ಇತ್ತು. ಆಕೆ ಕೋಣೆಯನ್ನೆಲ್ಲ ಒಮ್ಮೆ ನೋಡಿದರು, ನನ್ನನ್ನೂ ನೋಡಿದರು. ಮತ್ತೊಮ್ಮೆ ಕೇಳಿದರು.

ಯಾಕೆ ಏಳಲಿಲ್ಲವೋ ಗೊತ್ತಿಲ್ಲ. ಇಷ್ಟು ದೂರ ಬಂದು, ಗೆಲ್ಲುವ ಚೀಟಿ ಕೈಯಲ್ಲಿ ಹಿಡಿದುಕೊಂಡು. ಬೆಳಗಿನಿಂದ ಕಾರಿನಲ್ಲಿ ಕೂತು ಮಂಡಿ ಹಿಡಿದುಕೊಂಡಿತ್ತು, ಅದೇ ಇರಬೇಕು. ವಯಸ್ಸಾಯಿತು. ಮುದ್ರೆ ಬಿತ್ತು. ಇಷ್ಟು ತಿಂಗಳು ಓಡಾಡಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು. ಊರು ಹೋಯಿತು, ಒಲೆ ಹೋಯಿತು, ಹದಿನೈದು ವರ್ಷ ಕಾದದ್ದು ಹೋಯಿತು.

ಹೊರಗೆ ಮೆಟ್ಟಿಲ ಮೇಲೆ ಕ್ಲೆಮ್ ಮನಸಾರೆ ಕೆಮ್ಮಿದ. ಮುಗಿದ ಮೇಲೆ ಕಣ್ಣೊರೆಸಿಕೊಂಡು ಕೇಳಿದ.

"ಯಾಕೆ ಏಳಲಿಲ್ಲ ನೀನು?"

"ಮಂಡಿ ಕಣೋ," ಅಂದೆ.

ಅವನು ಇಳಿಯುವಾಗ ನನ್ನ ಮೊಣಕೈ ಹಿಡಿದುಕೊಂಡ. ನನ್ನನ್ನು ಇಳಿಸುತ್ತಿದ್ದನೋ, ತಾನು ಊರಿಕೊಂಡಿದ್ದನೋ, ಇಬ್ಬರೂ ಕೇಳಿಕೊಳ್ಳಲಿಲ್ಲ.

ಆಗಸ್ಟ್ ೧೧, ಭಾನುವಾರ

ಹಣ ಇನ್ನೆರಡು ವಾರದಲ್ಲಿ ಬರುತ್ತದಂತೆ. ಹನ್ನೊಂದು ಸಾವಿರ ಷೇರಿಗೆ ಐವತ್ತೊಂದು ಸಾವಿರ ಚಿಲ್ಲರೆ. ಅದನ್ನು ಎಲ್ಲಿ ಹಾಕಬೇಕು, ಎಷ್ಟು ವರ್ಷಕ್ಕೆ ಎಂದು ಬ್ಯಾಂಕಿನ ಹುಡುಗ ಫೋನು ಮಾಡಿ ಕೇಳಿದ. ಗೊತ್ತಿಲ್ಲಪ್ಪ ಅಂದೆ. ನನ್ನ ಬಾಯಲ್ಲಿ ಆ ಮಾತು ಕೇಳಿ ಅವನಿಗೇ ಗಾಬರಿಯಾಯಿತು, ಅವನೂ ನನ್ನ ತರಗತಿಯವನೇ.

ಮಾಲ್ಟ್ ಮನೆಗೆ ಬೀಗ ಬೀಳುವುದು ಅಕ್ಟೋಬರಿನಲ್ಲಿ. ಕ್ಲೆಮ್ ಅಲ್ಲಿಯವರೆಗೆ ರಜೆ ಹಾಕಿದ್ದಾನೆ. ನಾಳೆ ಕ್ಯಾರವಾನ್ ನೋಡಲು ಹೋಗುತ್ತಾನಂತೆ, ಚೌಕಾಸಿ ಮಾಡಲು ನಾನೂ ಬರಬೇಕಂತೆ. ನನ್ನಷ್ಟು ಕಟುವಾಗಿ ಬೆಲೆ ಇಳಿಸುವವರು ಈ ಕೊಲ್ಲಿಯ ಕರಾವಳಿಯಲ್ಲಿಲ್ಲವಂತೆ. ಹೋಗುತ್ತೇನೆ. ಎಷ್ಟು ದೊಡ್ಡದು ಬೇಕು ಅಂತ ಕೇಳಿದೆ. ದೊಡ್ಡದು ಯಾಕೆ, ಎಳೆಯೋಕೆ ಕಷ್ಟ, ಒಬ್ಬರು ಮಲಗುವಷ್ಟಿದ್ದರೆ ಸಾಕು ಅಂದ.